ನೀರಿನಲ್ಲಿಡಬೇಕಾದ ಬೀಜ

ನನ್ನ ಅತ್ತೆ ಅಮೆರಿಕದಲ್ಲಿ ಗುರುತು ಹಿಡಿದ ಮೊದಲ ವಸ್ತು ಒಂದು ಹುಲ್ಲು. ಅದಕ್ಕೆ ಮುಂಚೆ ನಾವು ಅವರಿಗೆ ಶ್ವೇತಭವನ ತೋರಿಸಿದ್ದೆವು, ಮ್ಯೂಸಿಯಮ್ಮುಗಳಲ್ಲಿ ಕಾಲು ನೋಯುವಷ್ಟು ಸುತ್ತಿಸಿದ್ದೆವು, ಒಂದಿಡೀ ಗೋಡೆಯುದ್ದಕ್ಕೂ ಸೋಪುಗಳನ್ನೇ ಜೋಡಿಸಿಟ್ಟ ಅಂಗಡಿಗಳಿಗೆ ಕರೆದುಕೊಂಡು ಹೋಗಿದ್ದೆವು. ಎಲ್ಲದಕ್ಕೂ "ಛಲೋ ಅದ" ಎಂದು ಒಂದೇ ಮಾತು. ಮನೆಗೆ ಬಂದ ಮೇಲೆ ವರ್ಜೀನಿಯಾದ ಸ್ಟರ್ಲಿಂಗಿನ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯ ಹತ್ತಿರ ಕೂತು, ಏರ್‌ಪೋರ್ಟಿನ ಕಡೆ ಇಳಿಯುವ ವಿಮಾನಗಳನ್ನು ನೋಡುತ್ತಿದ್ದರು. ಮಾವನವರು ತೀರಿಕೊಂಡು ವರ್ಷ ತುಂಬಿದ ಮೇಲೆ ನನ್ನ ಗಂಡ ಅವರನ್ನು ಧಾರವಾಡದಿಂದ ಕರೆತಂದಿದ್ದ. ನಾನು ಮೈಸೂರಿನವಳು. ಅವರ ಮಾತು ನನಗೆ ಒರಟು, ನನ್ನ ಸಾರು ಅವರಿಗೆ ಸಪ್ಪೆ. ಒಂದೇ ಸೂರಿನಡಿ ಒಬ್ಬರಿಗೊಬ್ಬರು ನೆಂಟರ ಹಾಗೆ ಇದ್ದೆವು.

ತೊಂಬತ್ತಾರನೆಯ ಇಸವಿಯ ಸೆಪ್ಟೆಂಬರ್, ಗಣೇಶನ ಹಬ್ಬಕ್ಕೆ ಇನ್ನೂ ಕೆಲವು ದಿನ ಇತ್ತು. ಗಂಡನ ಆಫೀಸಿನಲ್ಲಿ ಯಾರೋ ಹೇಳಿದರೆಂದು ಭಾನುವಾರ ಮೇರಿಲ್ಯಾಂಡಿನ ಒಂದು ನದಿಗೆ ಹೋದೆವು. ಅಲ್ಲಿ ನೀರು ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಜೌಗಿನ ಮೇಲೆ ಹಲಗೆ ಹಾಸಿದ ಉದ್ದನೆಯ ಕಾಲುದಾರಿ, ಎರಡೂ ಬದಿಗೆ ಆಳೆತ್ತರದ ಹುಲ್ಲು. ಅತ್ತೆ ಸೆರಗು ಬಿಗಿದುಕೊಂಡು, ಬಿದ್ದೇನೆಂಬ ಭಯದಲ್ಲಿ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತರು. ಬಗ್ಗಿ ಒಂದು ತೆನೆಯನ್ನು ಹಿಡಿದು, ಅದರ ಉದ್ದನೆಯ ಮುಳ್ಳಿನ ಮೇಲೆ ಬೆರಳಾಡಿಸಿದರು.

"ಏ, ಇದು ದೇವಭತ್ತ ಅಲ್ಲೇನು?" ಎಂದು ಮಗನನ್ನು ಕೇಳಿದರು. "ಇದು ಇಲ್ಲಿಗೆ ಹ್ಯಾಂಗ ಬಂತು?"

ಅವನಿಗೆ ಭತ್ತಕ್ಕೂ ಗರಿಕೆಗೂ ವ್ಯತ್ಯಾಸ ಗೊತ್ತಿಲ್ಲ. ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಆಮೇಲೆ ಅವರೇ ಹೇಳಿದರು: ಧಾರವಾಡದ ಕಡೆ ಕೆರೆಯಂಚಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತಕ್ಕೆ ಅವರ ಮನೆಯಲ್ಲಿ ದೇವಭತ್ತ ಎನ್ನುತ್ತಿದ್ದರು. ಚೌತಿಯ ಮಾರನೆಯ ದಿನ ಋಷಿಪಂಚಮಿ. ಅಂದು ವ್ರತ ಹಿಡಿದ ಹೆಂಗಸರು ಎತ್ತು ದುಡಿದ ಅನ್ನ ಉಣ್ಣುವಂತಿಲ್ಲ. ನೇಗಿಲು ತಾಗದ ನೆಲದಲ್ಲಿ, ಯಾರೂ ಬಿತ್ತದೆ ಬೆಳೆದದ್ದನ್ನು ಮಾತ್ರ ಉಣ್ಣಬೇಕು. ಮುಟ್ಟಿನ ದಿನಗಳಲ್ಲಿ ಅರಿಯದೆ ಆದ ತಪ್ಪಿಗೆ ಅದು ಪ್ರಾಯಶ್ಚಿತ್ತವಂತೆ. ಅದನ್ನು ಕೇಳಿ ನನಗೆ ಮೈ ಉರಿದಿತ್ತು; ಮುಟ್ಟು ಯಾವ ತಪ್ಪು, ಯಾರ ತಪ್ಪು ಎಂದು ಜಗಳವನ್ನೂ ಆಡಿದ್ದೆ. ಅತ್ತೆ ಮಾತ್ರ ಆ ವ್ರತವನ್ನು ವರ್ಷಗಟ್ಟಲೆ ಹಿಡಿದು ಬಂದಿದ್ದರು. ವ್ರತ ಮುಗಿಸುವ ಉದ್ಯಾಪನೆಯೊಂದು ಬಾಕಿ ಇರುವಾಗ ಮಾವ ಹೋಗಿಬಿಟ್ಟರು.

ಹಲಗೆದಾರಿಯ ತುದಿಯಲ್ಲಿ ಒಬ್ಬ ಮುದುಕಿ ಬಾತುಗಳನ್ನು ಬಯ್ಯುತ್ತ ನಿಂತಿದ್ದಳು. ಕಪ್ಪು ಕತ್ತಿನ ದೊಡ್ಡ ಕಾಡುಬಾತುಗಳು. ಚಳಿಗಾಲಕ್ಕೆ ಬಂದು ಹೋಗುವುದನ್ನು ಬಿಟ್ಟು ಅಲ್ಲೇ ಠಿಕಾಣಿ ಹೂಡಿ, ಭತ್ತದ ಸಸಿಯನ್ನು ಬುಡಸಮೇತ ಮೇಯುತ್ತಿದ್ದವು. ಮುದುಕಿಯದು ಬಿಳಿ ಜಡೆ, ಗಂಡಸಿನ ಶರ್ಟು, ಮೊಣಕಾಲವರೆಗೆ ರಬ್ಬರ್ ಬೂಟು. ಅತ್ತೆ ತೆನೆ ಹಿಡಿದುಕೊಂಡದ್ದನ್ನು ಕಂಡು ಆಕೆ ದುರುದುರು ನಡೆದು ಬಂದಳು. ಬೈಸಿಕೊಂಡೆವು ಅಂದುಕೊಂಡೆ. "ಇವರು ಏನು ಹೇಳುತ್ತಿದ್ದಾರೆ?" ಎಂದು ನನ್ನನ್ನು ಕೇಳಿದಳು. ಹೇಳಿದೆ. "ಇದನ್ನು ನೀವು ತಿಂತೀರಾ?" ಎಂದಳು. ಹಬ್ಬದ ದಿನ ಎಂದೆ. ಅವಳು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಅವಳು ಆ ನದಿಯ ಮೂಲ ಜನರವಳು. ಬಿಳಿಯರು ಹಡಗಿನಲ್ಲಿ ಬರುವ ಮುಂಚೆಯೇ ಅಲ್ಲಿದ್ದ ಜನ. ಸರ್ಕಾರದ ಕಾಗದಗಳಲ್ಲಿ ಮಾತ್ರ ತಲೆಮಾರುಗಟ್ಟಲೆ ಅವರ ಜಾತಿಯೇ ಇಲ್ಲವೆಂದು ಬರೆದಿತ್ತಂತೆ. ಅವಳ ಅಜ್ಜಿ ಆ ನದಿಯ ಒಂದು ಸಣ್ಣ ಕವಲಿನಲ್ಲಿ ದೋಣಿ ತಳ್ಳಿಕೊಂಡು ಹೋಗಿ, ಕೋಲಿನಿಂದ ತೆನೆ ಬಡಿದು ಭತ್ತ ತರುತ್ತಿದ್ದಳು. ಅವಳಮ್ಮನ ಕಾಲಕ್ಕೆ ಭತ್ತ ಕಡಿಮೆಯಾಯಿತು. ಇದ್ದಷ್ಟು ಬೀಜಕ್ಕಿರಲಿ ಎಂದು ಅಮ್ಮ ತಿನ್ನಗೊಡಲಿಲ್ಲ. ಎಪ್ಪತ್ತು ದಾಟಿದ ಈಕೆ ತನ್ನ ನದಿಯ ಭತ್ತವನ್ನು ಜೀವಮಾನದಲ್ಲಿ ಒಮ್ಮೆಯೂ ಉಂಡಿರಲಿಲ್ಲ.

ಅಮೆರಿಕದಲ್ಲಿ ಎಂಥ ಮುದುಕರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನ್ನ ನಾಲಗೆ ಹೊರಳಲಿಲ್ಲ; ಆಂಟಿ ಎಂದೆ. ಅತ್ತೆ ಒಂದು ಕ್ಷಣವೂ ಯೋಚಿಸದೆ ಅಕ್ಕ ಎಂದರು. ಹೊರಡುವಾಗ ಅತ್ತೆ ನನ್ನ ಮೂಲಕ ಕೇಳಿಸಿದರು: ಪಂಚಮಿಗೆ ಒಂದು ಹಿಡಿ ಕೊಡುತ್ತಾಳೇನು ಎಂದು. ಆಂಟಿ ಒಂದೇ ಮಾತಿನಲ್ಲಿ ಇಲ್ಲವೆಂದಳು. ಕವಲು ತುಂಬ ಭತ್ತ ನಿಲ್ಲುವವರೆಗೆ ಒಂದು ಕಾಳೂ ಬಾಯಿಗೆ ಹೋಗಕೂಡದು, ನಾನೇ ತಿಂದಿಲ್ಲ ಎಂದಳು. ನನಗೆ ಅವಮಾನವಾಯಿತು. ಅತ್ತೆಗೆ ಆಗಲಿಲ್ಲ.

"ಖರೇ ಹೇಳ್ತಾಳ," ಎಂದರು ಕಾರಿನಲ್ಲಿ. "ಬೀಜದ ಕಾಳು ಕೇಳಬಾರದಾಗಿತ್ತು ನಾನು. ನನಗ ಬುದ್ಧಿ ಇಲ್ಲ."

ಆ ಸಲದ ಪಂಚಮಿಗೆ ಅವರು ಬರೀ ಕೆಸುವಿನ ಗಡ್ಡೆ, ಹಣ್ಣು ತಿಂದು ಕಳೆದರು. ಉದ್ಯಾಪನೆ ಮಾಡಲಿಲ್ಲ. ಅಕ್ಕನ ಕವಲು ತುಂಬಲಿ, ಆಮೇಲೆ ಇಬ್ಬರೂ ಕೂಡಿ ಉಣ್ಣುತ್ತೇವೆ ಎಂದರು. ಹೀಗೆ ಒಬ್ಬ ಧಾರವಾಡದ ಹೆಂಗಸಿನ ವ್ರತ ಮೇರಿಲ್ಯಾಂಡಿನ ಕೆಸರಿಗೆ ಕಟ್ಟುಬಿತ್ತು.

ಭತ್ತ ಉಳಿಸುವ ಕೆಲಸ ಆಗಲೇ ಶುರುವಾಗಿತ್ತು. ಆ ಜೌಗನ್ನು ನೋಡಿಕೊಳ್ಳುವ ಪಾರ್ಕಿನವರು, ಆಂಟಿಯ ಜನರ ಕೆಲವು ಮನೆಗಳು, ನದಿಯಂಚಿನ ಊರಿನವರು, ಮೇಲೆ ನನ್ನಂಥವರು ಶನಿವಾರ ಶನಿವಾರ ಸೇರುತ್ತಿದ್ದೆವು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಎಂ.ಎಸ್ಸಿ. ಓದಿದ್ದರೂ ಸಂಬಳಕ್ಕೆ ಕೈಯೊಡ್ಡಿದರೆ ಅಪರಾಧ. ಪುಕ್ಕಟೆಯಾಗಿ ಕೆಸರು ತುಳಿದರೆ ಯಾರ ಅಭ್ಯಂತರವೂ ಇಲ್ಲ. ತುಳಿದೆ, ಸಂತೋಷವಾಗಿಯೇ ತುಳಿದೆ. ಬಾತು ನುಗ್ಗದ ಹಾಗೆ ನೀರಿನಲ್ಲಿ ಗೂಟ ನೆಟ್ಟು ಬಲೆ ಬೇಲಿ ಕಟ್ಟಿದೆವು. ಒಂದು ಶನಿವಾರ ನಮ್ಮ ಕನ್ನಡದ ಜನರೂ ಬಂದರು. ಪುಳಿಯೋಗರೆ ತಂದರು, ಬೇಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಶೂಗೆ ಕೆಸರಾಯಿತೆಂದು ಹೋದರು. ಮತ್ತೆ ಬರಲಿಲ್ಲ. ಪುಳಿಯೋಗರೆ ಮಾತ್ರ ಆಂಟಿಗೆ ಬಹಳ ಹಿಡಿಸಿತ್ತು.

ಅತ್ತೆ ನೀರಿಗಿಳಿಯುತ್ತಿರಲಿಲ್ಲ. ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆದರೆ ಮರುವರ್ಷ ಆಗಸ್ಟಿನಲ್ಲಿ ತೆನೆ ಒಡೆದಾಗ ಸುಮ್ಮನಿರಲಾಗಲಿಲ್ಲ. ಆ ಭತ್ತದ ಗುಣ ಎಂದರೆ, ಬಲಿತ ಕಾಳು ಗಾಳಿ ಬೀಸಿದರೂ ಸಾಕು, ನೀರಿಗೆ ಉದುರಿಬಿಡುತ್ತದೆ. ಅದಕ್ಕೇ ತಮ್ಮ ಕಡೆ ಹೆಂಗಸರು ತೆನೆ ಬಲಿಯುವ ಮುಂಚೆ ಹತ್ತಾರು ತೆನೆ ಸೇರಿಸಿ ಜುಟ್ಟು ಕಟ್ಟುತ್ತಿದ್ದರು ಎಂದು, ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಮಾಡಿ ಅತ್ತೆ ತೋರಿಸಿದರು. ಆಂಟಿ ಆ ಗಂಟನ್ನು ನೋಡಿ ನಕ್ಕಳು. ಅವಳ ಅಜ್ಜಿಯೂ ಕಟ್ಟುತ್ತಿದ್ದಳಂತೆ, ಮರದ ನಾರಿನಿಂದ. ಅದನ್ನು ಹೇಗೆ ಕಟ್ಟಬೇಕೆಂದು ತನಗೆ ಯಾರೂ ಕಲಿಸಲಿಲ್ಲ ಎಂದಳು. ಅಂದು ಅತ್ತೆಯನ್ನು ನಾವು ದೋಣಿಗೆ ಹತ್ತಿಸಿದೆವು. ಒಬ್ಬಳು ಕೋಲಿನಿಂದ ತೆನೆ ಬಗ್ಗಿಸುವಳು, ಒಬ್ಬರು ಜುಟ್ಟು ಕಟ್ಟುವರು. ಒಬ್ಬಳದು ಇಂಗ್ಲಿಷು, ಒಬ್ಬರದು ಧಾರವಾಡದ ಕನ್ನಡ. ನಡುವೆ ದುಭಾಷಿಯಾಗಿ ಕೂತ ನನಗೆ ಕೆಲಸವೇ ಇರಲಿಲ್ಲ. ನನ್ನ ಅತ್ತೆ ಅಷ್ಟು ಗಟ್ಟಿಯಾಗಿ ನಗುವುದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ.

ಆಂಟಿಯ ಅಜ್ಜಿಯ ಕವಲಿನಲ್ಲಿ ಉಳಿದಿದ್ದದ್ದು ಬಹಳ ಕಡಿಮೆ, ಒಂದು ಕೋಣೆಯಗಲದ ಜಾಗದಲ್ಲಿ. ಪಾರ್ಕಿನಲ್ಲಿ ಸಸ್ಯಗಳ ವಿಷಯ ನೋಡಿಕೊಳ್ಳುವ ಒಬ್ಬ ಗಡ್ಡದವನಿದ್ದ, ಒಳ್ಳೆಯ ಮನುಷ್ಯ. ನದಿಯುದ್ದಕ್ಕೂ ಒಂದೇ ಭತ್ತ, ಎಲ್ಲ ಬೀಜವನ್ನೂ ಒಟ್ಟಿಗೆ ಹಾಕಿ ಎಂದ. ಆಂಟಿ ಒಪ್ಪಲಿಲ್ಲ. ಈ ಕವಲಿನದು ಗಿಡ್ಡ, ಒಂದು ವಾರ ಮೊದಲೇ ಹಣ್ಣಾಗುತ್ತದೆ, ಇದು ನನ್ನ ಅಜ್ಜಿಯದು ಎಂದಳು. ಆ ಸೆಪ್ಟೆಂಬರಿನಲ್ಲಿ ಬೇಲಿ ಮುರಿದು ಬಾತುಗಳು ಕವಲಿನೊಳಗೆ ನುಗ್ಗುವ ಮುಂಚೆ, ಜುಟ್ಟು ಕಟ್ಟಿದ್ದ ತೆನೆಗಳಿಂದ ಸಿಕ್ಕಷ್ಟು ಕಾಳು ಬಿಡಿಸಿ ಬಚಾವ್ ಮಾಡಿದೆವು. ಒಂದು ದೊಡ್ಡ ಗಾಜಿನ ಬಾಟಲಿಯಷ್ಟು. ಆಮೇಲೆ ಅಲ್ಲಿ ಬರೀ ಕೆಸರು, ಬಾತುಗಳ ಹೆಜ್ಜೆ. ಆ ಬಾಟಲಿಯಲ್ಲಿದ್ದದ್ದೇ ಅಷ್ಟೂ ಬೀಜ.

ಅದೇ ಅಕ್ಟೋಬರಿನಲ್ಲಿ ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ನಾರ್ತ್ ಕೆರೊಲಿನಾದ ಡರ್ಹಮ್ಮಿನಲ್ಲಿ ಅವಳ ಮಗಳಿದ್ದಳು, ಅಲ್ಲಿ ದೊಡ್ಡ ಆಸ್ಪತ್ರೆಯೂ ಇತ್ತು. ಹೊರಡುವ ಮುಂಚೆ ಆಂಟಿ ಸ್ಟರ್ಲಿಂಗಿನ ನಮ್ಮ ಮನೆಗೆ ಬಂದು ಬಾಟಲಿಯನ್ನು ನನ್ನ ಕೈಗಿಟ್ಟಳು. ಈ ಬೀಜ ಒಣಗಿದರೆ ಸಾಯುತ್ತದೆ. ನದಿಯ ತಳದ ಕೆಸರಿನಲ್ಲಿ ಚಳಿಗಾಲ ಕಳೆಯುವ ಬೀಜ ಅದು. ತಣ್ಣೀರಿನಲ್ಲಿ, ಫ್ರಿಜ್ಜಿನಲ್ಲಿ ಇಡಬೇಕು, ವಾರಕ್ಕೊಮ್ಮೆ ನೀರು ಬದಲಿಸಬೇಕು. ವಸಂತ ಬರುವ ಹೊತ್ತಿಗೆ ಬಂದು ನಾನೇ ಬಿತ್ತುತ್ತೇನೆ, ಅದೊಂದು ನೋಡಿ ಸತ್ತರೆ ಸಾಕು ಎಂದಳು. ಬದುಕಿ ಬನ್ನಿ ಎಂದೆ. ಅಷ್ಟು ಜನರಲ್ಲಿ ನನ್ನನ್ನು ನಂಬಿದಳಲ್ಲ ಎಂದು ಎದೆಯುಬ್ಬಿತ್ತು.

ಅತ್ತೆ ಆ ಹೊತ್ತು ಒಳಗೆ ಅಕ್ಕನಿಗೆಂದು ಉಂಡೆ ಕಟ್ಟುತ್ತಿದ್ದರು. ಬೀಜದ ಮಾತು ಅವರ ಕಿವಿಗೆ ಬೀಳಲಿಲ್ಲ. ನಾನೂ ಹೇಳಲಿಲ್ಲ, ನೀರು ಬದಲಿಸುವುದು ನನ್ನ ಕೆಲಸ, ನಾನು ಮಾಡುತ್ತಿದ್ದೆ, ಹೇಳುವ ಪ್ರಸಂಗವೇ ಬರಲಿಲ್ಲ.

ನವೆಂಬರ್ ಕೊನೆಗೆ ನನ್ನ ತಂಗಿಯ ಮದುವೆಗೆಂದು ಮೈಸೂರಿಗೆ ಹೋದೆ. ಹೋಗುವಾಗ ಗಂಡನಿಗೆ ಹೇಳಿದೆ.

"ನೀರು ತಾನೆ? ಚೇಂಜ್ ಮಾಡ್ತೀನಿ ಬಿಡು, ಡೋಂಟ್ ವರಿ," ಎಂದ. ಈ ಡೋಂಟ್ ವರಿ ಎನ್ನುವ ಗಂಡಸರನ್ನು ನಂಬಿ ಯಾವ ಹೆಂಗಸು ಉದ್ಧಾರವಾಗಿದ್ದಾಳೋ ನಾನು ಕಾಣೆ.

ಹೊಸ ವರ್ಷ ಕಳೆದು ಹಿಂತಿರುಗಿದೆ. ಸೂಟ್‌ಕೇಸನ್ನು ಹಾಲಿನಲ್ಲೇ ಬಿಟ್ಟು ಫ್ರಿಜ್ಜು ತೆರೆದರೆ ಬಾಟಲಿ ಇಲ್ಲ. ಅದು ಇದ್ದ ಜಾಗದಲ್ಲಿ ಮೊಸರಿನ ಡಬ್ಬಿ. ಅತ್ತೆ ನನ್ನ ಮುಖ ನೋಡಿದವರೇ ನಕ್ಕು, "ಗಾಬರಿ ಆಗಬ್ಯಾಡ, ನಾ ಉಳಿಸೇನಿ," ಎಂದು ದೇವರ ಗೂಡಿನಿಂದ ಒಂದು ಗಂಟು ತಂದರು. ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ, ಅರಿಸಿನ ಕುಂಕುಮ ಹಚ್ಚಿದ ಗಂಟು.

"ನೀ ಹೋದ ಮ್ಯಾಲೆ ಆ ನೀರು ನಾರಾಕ ಹತ್ತಿತ್ತು. ಬೂಸ್ಟು ಬಂದಿತ್ತು. ಇಂವಗ ಹೇಳಿದ್ರ ನಾಳೆ ನಾಳೆ ಅಂತಾನ. ಅಕ್ಕನ ಬೀಜ ಕೊಳತು ಹೋದ್ರ ಹ್ಯಾಂಗ? ತೊಳದು, ಕಿಟಕಿ ಬಿಸಲಾಗ ಚಲೋತ್ನಂಗ ಒಣಗಿಸಿ, ಬೂದಿ ಹಚ್ಚಿ ಕಟ್ಟೇನಿ. ಇನ್ನ ಹುಳ ಹತ್ತೂದಿಲ್ಲ."

ಗಂಟು ಬಿಚ್ಚಿದೆ. ಊದುಬತ್ತಿಯ ಬೂದಿ ಸವರಿದ ಕಾಳುಗಳು. ಕೈಯಲ್ಲಿ ಹಿಡಿದರೆ ಗಲಗಲ ಎಂದವು. ನಮ್ಮ ನಾಡಿನಲ್ಲಿ ಬೀಜ ಕಾಯುವ ಯಾವ ಹೆಂಗಸಾದರೂ ಮಾಡುವ ಕೆಲಸವನ್ನು ಅವರು ಮಾಡಿದ್ದರು, ಒಂದು ಚೂರೂ ಲೋಪವಿಲ್ಲದೆ ಮಾಡಿದ್ದರು.

ಬಾಯಿಗೆ ಬಂದದ್ದನ್ನು ಅಂದೆ. ಮೊದಲು ಗಂಡನಿಗೆ, ಆಮೇಲೆ ಅವರಿಗೆ. ಅತ್ತೆಗೆ ಅರ್ಥವಾಗಲೇ ಇಲ್ಲ. "ಒಣಗಿದ್ರ ಬೀಜ ಸಾಯ್ತದೇನು? ಯಾರರ ಕೇಳಿದ್ರ ನಗ್ತಾರ," ಎಂದರು. ನಾನು ಗಡ್ಡದವನಿಗೆ ಫೋನ್ ಮಾಡಿದೆ. ಎಷ್ಟು ದಿನ ಒಣಗಿದೆ ಎಂದು ಕೇಳಿದ. ಹೇಳಿದೆ. "ಹಾಗಾದರೆ ಅದು ಇನ್ನು ಬೀಜವಲ್ಲ, ಬರೀ ಅಕ್ಕಿ," ಎಂದ. ಆದರೂ ನೋಡೋಣವೆಂದು ಒಂದು ಹಿಡಿ ತೆಗೆದುಕೊಂಡು ಹೋಗಿ ತನ್ನ ತೊಟ್ಟಿಯಲ್ಲಿ ನೆನೆಹಾಕಿದ. ಒಂದೂ ಮೊಳೆಯಲಿಲ್ಲ.

ಅತ್ತೆಗೆ ನಾನು ಮತ್ತೆ, ಸಾವಧಾನವಾಗಿ, ಎಲ್ಲ ವಿವರಿಸಿದೆ. ಈ ಸಲ ಅರ್ಥವಾಯಿತು. ಅವರು ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ.

"ಅಕ್ಕಗ ಯಾರು ಹೇಳೋರು?" ಎಂದು ಕೇಳಿದರು.

"ನಾನು ಫೋನ್ ಮಾಡ್ತೀನಿ ಅತ್ತೆ."

"ಬ್ಯಾಡ. ಫೋನಿನಾಗ ಹೇಳೂ ಮಾತಲ್ಲ ಇದು. ನಾ ಹೇಳ್ತೀನಿ. ನೀ ಬರೇ ಅಕಿ ಭಾಷಾದಾಗ ಹೇಳು."

ಫೆಬ್ರವರಿಯಲ್ಲಿ ಡರ್ಹಮ್ಮಿಗೆ ಹೋದೆವು. ಗಂಡನೇ ಕಾರು ಓಡಿಸಿದ. ಅಲ್ಲಿ ಮುಟ್ಟಿದ ಮೇಲೆ, "ನೀವು ಹೋಗಿ ಬನ್ನಿ, ಇಲ್ಲಿ ಪಾರ್ಕಿಂಗ್ ಪ್ರಾಬ್ಲಮ್ ಇದೆ, ನಾನು ಕಾರಲ್ಲೇ ಇರ್ತೀನಿ," ಎಂದ. ಪಾರ್ಕಿಂಗ್ ಲಾಟ್ ಅರ್ಧ ಖಾಲಿ ಇತ್ತು.

ಆಂಟಿ ಸೋಫಾದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಆ ಬಿಳಿ ಜಡೆ ಹೋಗಿ ತಲೆಗೆ ಬಟ್ಟೆ ಕಟ್ಟಿತ್ತು. ನಮ್ಮನ್ನು ಕಂಡು ಅವಳ ಮುಖ ಅರಳಿತು. ಬೀಜವನ್ನು ತೋರಿಸಲು ತಂದೆವೆಂದು ಅಂದುಕೊಂಡಿರಬೇಕು. ಅತ್ತೆ ಎದುರಿಗೆ ನೆಲದ ಮೇಲೆ ಕೂತರು. ಎಷ್ಟು ಹೇಳಿದರೂ ಕುರ್ಚಿಗೆ ಏರಲಿಲ್ಲ. ಗಂಟನ್ನು ಅವಳ ಮಡಿಲಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ನೀರು ನಾರಿದ್ದು, ತಾನು ತೊಳೆದದ್ದು, ಒಣಗಿಸಿದ್ದು. ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದೆ. "ನಿನ್ನ ಬೀಜ ನಾ ಕೊಂದೆ ಅಕ್ಕಾ," ಎಂದರು ಕೊನೆಗೆ. ಕೊಂದೆ ಎನ್ನುವುದಕ್ಕೆ ಮೆತ್ತಗಿನ ಮಾತು ಹುಡುಕಿದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಆಂಟಿ ಗಂಟು ಬಿಚ್ಚಿ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಳು. ಕಟ್ ಎಂದಿತು. ಬೂದಿಯನ್ನು ಬೆರಳಿನಿಂದ ಉಜ್ಜಿ ನೋಡಿದಳು. "ಇದನ್ನು ತಗೊಂಡು ಹೋಗಿ," ಎಂದಳು. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮಗಳು ಕಕ್ಕಾಬಿಕ್ಕಿಯಾಗಿ ಜ್ಯೂಸ್ ಕೊಡಲೇ ಎಂದಳು. ಅರ್ಧ ಗಂಟೆ ಕಾದೆವು. ಬಾಗಿಲು ತೆರೆಯಲಿಲ್ಲ.

ವರ್ಜೀನಿಯಾದ ಗಡಿ ದಾಟಿದೆವು. ಆಮೇಲೆ ಅತ್ತೆ, "ಅಕಿ ಬೈಬೇಕಾಗಿತ್ತು," ಎಂದರು. ಅಷ್ಟೇ.

ಆ ಚಳಿಗಾಲವನ್ನು ನೆನೆದರೆ ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ: ಯಾರ ಮೇಲೆ ಸಿಟ್ಟು ಮಾಡಲಿ? ಬಾತುಗಳ ಮೇಲೆಯೋ, ನನ್ನ ಗಂಡನ ನಾಳೆಯ ಮೇಲೆಯೋ, ಬಿಸಿಲು ತಾಳದ ಬೀಜವನ್ನು ಸೃಷ್ಟಿಸಿದ ಆ ದೇವರ ಮೇಲೆಯೋ? ಅತ್ತೆಯ ಮೇಲೆ ಸಿಟ್ಟಾಗಲು ಬಹಳ ಪ್ರಯತ್ನಪಟ್ಟೆ. ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಆ ಗಂಟಿಗೆ ಕೈಮುಗಿಯುವುದನ್ನು ನೋಡಿ, ಆಗಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆಂಟಿಯೇ ಫೋನ್ ಮಾಡಿದಳು. ದನಿ ಗುರುತು ಸಿಗಲಿಲ್ಲ, ಅಷ್ಟು ಸಣ್ಣಗಾಗಿತ್ತು. "ಆ ಅಕ್ಕಿ ಇದೆಯಾ, ತಿಂದುಬಿಟ್ಟಿರಾ?" ಎಂದಳು. ಇದೆ ಎಂದೆ. "ಸಿಸ್ಟರ್‌ಗೆ ಹೇಳು, ತರಲಿ. ನನ್ನಮ್ಮ ಬೀಜಕ್ಕಿರಲಿ ಅಂತ ತಿನ್ನಗೊಡಲಿಲ್ಲ. ಈಗ ಅದು ಬೀಜ ಅಲ್ಲವಲ್ಲ." ಡಾಕ್ಟರು ಕೈಚೆಲ್ಲಿದ್ದಾರೆ ಎಂದು ಆಮೇಲೆ ಮಗಳು ಹೇಳಿದಳು.

ಅತ್ತೆ ಇಡೀ ಒಂದು ದಿನ ಅಕ್ಕಿ ಮಾಡುವುದರಲ್ಲಿ ಕಳೆದರು. ಬೂದಿ ಹೋಗುವಂತೆ ತೊಳೆದು, ಆರಿಸಿ, ದೋಸೆಯ ಕಾವಲಿಯಲ್ಲಿ ಹುರಿದರು. ನನ್ನ ಶುಂಠಿ ಕುಟ್ಟುವ ಸಣ್ಣ ಒರಳಿನಲ್ಲಿ ಹಿಡಿಹಿಡಿಯಾಗಿ ಹಾಕಿ ಕುಟ್ಟಿದರು. ಮೊರ ಇರಲಿಲ್ಲ, ಬಾಲ್ಕನಿಯಲ್ಲಿ ನಿಂತು ಸ್ಟೀಲ್ ತಟ್ಟೆಯಲ್ಲೇ ಕೇರಿದರು. ಹೊಟ್ಟು ಗಾಳಿಗೆ ಹಾರಿ ಕೆಳಗೆ ನಿಂತ ಕಾರುಗಳ ಮೇಲೆ ಬಿತ್ತು. ಕೆಳಗಿನ ಮನೆಯವನು ಕತ್ತೆತ್ತಿ ನೋಡಿದ, ನಾನು ಅವನನ್ನು ದುರುಗುಟ್ಟಿ ನೋಡಿದೆ. ಉಳಿದದ್ದು ಕಪ್ಪಗೆ, ಉದ್ದಕ್ಕೆ, ಸಣ್ಣ ಬಟ್ಟಲಿನಷ್ಟು.

ಡರ್ಹಮ್ಮಿನಲ್ಲಿ ಆಂಟಿಯ ಮಗಳ ಅಡುಗೆಮನೆಯಲ್ಲಿ ಅತ್ತೆಯೇ ಬೇಯಿಸಿದರು. ಬರೀ ನೀರು, ಚಿಟಿಕೆ ಉಪ್ಪು. ಮನೆ ತುಂಬ ವಾಸನೆ ಹರಡಿತು, ಮಳೆ ಬಿದ್ದ ಮೇಲಿನ ಕೆರೆದಂಡೆಯದು. ಆಂಟಿ ಒಳಗಿನಿಂದಲೇ, "ಗೊತ್ತಾಯಿತು," ಎಂದಳು. ನನ್ನಜ್ಜಿಯ ಕೋಣೆಯಲ್ಲಿ ಈ ವಾಸನೆ ಇರುತ್ತಿತ್ತು, ಏನದು ಎಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ ಎಂದಳು.

ದಿಂಬಿಗೆ ಒರಗಿಸಿ ಕೂರಿಸಿದೆವು. ಮಗಳು ಚಮಚದಲ್ಲಿ ಕೊಟ್ಟಳು. ಆಂಟಿ ಬಹಳ ಹೊತ್ತು ಅಗಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇನ್ನೆರಡು ಚಮಚ ತಿಂದು ಸಾಕೆಂದಳು. ಬಟ್ಟಲನ್ನು ಅತ್ತೆಯ ಕಡೆ ತಳ್ಳಿ, "ನೀನು ತಿನ್ನು," ಎಂದಳು.

ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. "ನಾ ಉಣ್ಣೂದಿಲ್ಲ," ಎಂದರು. "ನಾ ಕೊಂದದ್ದು ನಾ ಹ್ಯಾಂಗ ಉಣ್ಣಲಿ? ನನಗ ಆ ಹಕ್ಕಿಲ್ಲ."

ಹೇಳಿದೆ. ಆಂಟಿಯ ಮುಖದಲ್ಲಿ ಸಿಟ್ಟು ಬಂತು. ಅಷ್ಟು ಸೋತ ದೇಹದಲ್ಲಿ ಅಷ್ಟು ಸಿಟ್ಟು ಎಲ್ಲಿತ್ತೋ. "ಹೌದು, ಕೊಂದೆ," ಎಂದಳು. "ಈಗ ತಿನ್ನು. ಅದನ್ನು ಎರಡನೇ ಸಲ ಹಾಳುಮಾಡಬೇಡ."

ನಾನು ಕನ್ನಡಕ್ಕೆ ತರುವ ಮುಂಚೆಯೇ ಅತ್ತೆಗೆ ತಿಳಿದಿತ್ತು. ಬಂದು ಮಂಚದ ಪಕ್ಕ ನೆಲದ ಮೇಲೆ ಕೂತು, ಬಟ್ಟಲು ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ಉಂಡರು. ಒಂದೊಂದು ತುತ್ತಿಗೂ ಬಿಕ್ಕಿದರು. ಆಂಟಿ ಅವರ ತಲೆಯ ಮೇಲೆ ಕೈಯಿಟ್ಟಿದ್ದಳು. ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ಕೊನೆಯ ಕಾಳನ್ನೂ ಬಳಿದು ಉಂಡರು. ಆಕೆಯ ಅಜ್ಜಿಯ ಭತ್ತ ಈ ಭೂಮಿಯ ಮೇಲೆ ಅಲ್ಲಿಗೆ ಮುಗಿಯಿತು.

ಆಂಟಿ ಜೂನಿನಲ್ಲಿ ಹೋದಳು. ಅವಳನ್ನು ನದಿಯ ಹತ್ತಿರ ತಂದು ಮಣ್ಣು ಮಾಡಿದರು.

ಗಡ್ಡದವನೂ ಆಂಟಿಯ ಜನರೂ ಬೇರೆ ಕವಲುಗಳಿಂದ ಬೀಜ ತಂದು ಬಿತ್ತಿದರು, ಬೇಲಿ ಗಟ್ಟಿ ಮಾಡಿದರು. ನಾನೂ ಶನಿವಾರಗಳಲ್ಲಿ ಹೋದೆ. ಭತ್ತ ಬಂತು, ಅಜ್ಜಿಯ ಕವಲಿನಲ್ಲಿಯೂ ಬಂತು. ಎತ್ತರದ ಭತ್ತ, ಒಂದು ವಾರ ತಡವಾಗಿ ಹಣ್ಣಾಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಳ್ಳೆಯದೇ ಆಯಿತು. ಆದರೆ ಅದು ಅವಳದಲ್ಲ, ಅದನ್ನು ಅಲ್ಲಿ ಬಾಯಿಬಿಟ್ಟು ಹೇಳುವವಳು ಈಗ ಇರಲಿಲ್ಲ. ಅತ್ತೆ ಮತ್ತೆ ಆ ನದಿಗೆ ಬರಲಿಲ್ಲ. ಋಷಿಪಂಚಮಿಯನ್ನೂ ಬಿಟ್ಟುಬಿಟ್ಟರು.

ತೊಂಬತ್ತೊಂಬತ್ತರಲ್ಲಿ ಅವರಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದನ್ನು ಮರೆತರು, ಆಮೇಲೆ ಮಾವ ಹೋದದ್ದನ್ನು. ನಂತರ ಒಂದು ಹೊಸ ಅಭ್ಯಾಸ ಬಂತು. ಮನೆಯಲ್ಲಿ ಕಂಡ ಕಾಳನ್ನೆಲ್ಲ ನೀರಿಗೆ ಹಾಕುವುದು. ಹೆಸರುಕಾಳು, ಕಡಲೆ, ಮೆಂತ್ಯ, ಸಾಸಿವೆ ಕೂಡ. ಬಟ್ಟಲುಗಳಲ್ಲಿ, ಲೋಟಗಳಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಜೋಡಿಸುತ್ತಿದ್ದರು. ನಾನು ಮೊದಮೊದಲು ರೇಗಿದೆ. ಆಮೇಲೆ ಸುಮ್ಮನೆ ಉಸಲಿ ಮಾಡಿದೆ, ದೋಸೆಗೆ ರುಬ್ಬಿದೆ; ಬೀದಿಯ ಕನ್ನಡದ ಮನೆಗಳಿಗೆಲ್ಲ ನಮ್ಮ ಮನೆಯ ಮೊಳಕೆಕಾಳು ಹೋಯಿತು. ನನ್ನ ಗಂಡ ಯಾರೂ ಹೇಳದೆಯೇ ದಿನಾ ಬೆಳಿಗ್ಗೆ ಎಲ್ಲ ಬಟ್ಟಲುಗಳ ನೀರು ಬದಲಿಸಿ ಆಫೀಸಿಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ತೊಗರಿಬೇಳೆಯ ಬಟ್ಟಲು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದರು. ಸೀರೆಯ ನೆರಿಗೆಯೆಲ್ಲ ಒದ್ದೆ. ನನ್ನನ್ನು ಕಂಡು ಮುಖ ಬೆಳಗಿತು.

"ಅಕ್ಕಗ ಫೋನ್ ಹಚ್ಚು," ಎಂದರು. "ಎಲ್ಲಾ ನೀರಾಗ ಇಟ್ಟೇನಿ ಅಂತ ಹೇಳು. ಒಂದೂ ಒಣಗಿಲ್ಲ ಅಂತ ಹೇಳು."

"ಆಮೇಲೆ ಮಾಡ್ತೀನಿ ಅತ್ತೆ."

"ಈಗ ಹಚ್ಚು. ಅಕಿ ಕಾಳಜಿ ಮಾಡ್ತಿರ್ತಾಳ."

ಫೋನ್ ಎತ್ತಿದೆ. ನಂಬರ್ ಒತ್ತಲಿಲ್ಲ. ಗುಂಯ್ ಎನ್ನುವ ಆ ಸದ್ದಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಎಲ್ಲ ನೀರಿನಲ್ಲಿದೆ ಆಂಟಿ, ಒಂದೂ ಒಣಗಿಲ್ಲ. ಹೇಳಿ ಫೋನ್ ಕೆಳಗಿಟ್ಟೆ.

"ಏನಂದ್ಲು?" ಎಂದು ಅತ್ತೆ ಕೇಳಿದರು.

"ವಸಂತಕ್ಕೆ ಬಂದು ಬಿತ್ತೀನಿ ಅಂದ್ರು, ಅತ್ತೆ."

ಅತ್ತೆ ತಲೆಯಾಡಿಸಿದರು. ಫ್ರಿಜ್ಜಿನ ಬಾಗಿಲು ತೆರೆದು, ಮೊಸರಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಬಾಟಲಿ ಇರುತ್ತಿದ್ದ ಜಾಗದಲ್ಲಿ ಬಟ್ಟಲನ್ನು ಇಟ್ಟರು.